ಒಂದೂವರೆ ವೋಲ್ಟಿನ ಟಾರ್ಚಿಗೆ 1.2 ವೋಲ್ಟಿನ ಚಾರ್ಜಿಂಗ್ ಶೆಲ್ಲು ಹಾಕಬಹುದೇ?

ಪ್ರಶ್ನೆ ಕೇಳಿದವರು: ಎರೆಹೊಲ (ಜೇವರ್ಗಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಎನ್ನುವ ರೂಢಿ ಇರುವುದರಿಂದ, ಗೊಂದಲವಾಗಬಾರದೆಂದು ಕೈಯಲ್ಲಿ ಹಿಡಿಯುವ ದೀಪವನ್ನು ಟಾರ್ಚು ಎಂದೂ ಅದರೊಳಗೆ ಹಾಕುವುದನ್ನು ಶೆಲ್ಲು ಎಂದೂ ಇಲ್ಲಿ ಬರೆಯುತ್ತೇನೆ.

ನಮ್ಮದು ಭೀಮಾ ನದಿಗೆ ಹತ್ತಿರದ ಎರೆ ಭೂಮಿ. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಪಾಳಿಯ ಪ್ರಕಾರ ಕೆಲವು ವಾರ ರಾತ್ರಿಯೇ ಬರುವುದರಿಂದ, ನಾನಾಗಲಿ ನಮ್ಮ ತಂದೆಯವರಾಗಲಿ ನಡುರಾತ್ರಿ ಎದ್ದು ಹೊಲಕ್ಕೆ ಹೋಗಬೇಕಾಗುತ್ತದೆ. ತೊಗರಿ ರಾಶಿಯ ದಿನಗಳಲ್ಲಿ ಕಣದಲ್ಲೇ ಮಲಗುತ್ತೇವೆ. ಎರೆ ಮಣ್ಣಿನ ಬಿರುಕುಗಳಲ್ಲಿ ಹಾವು ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ, ಬೆಳಕಿಲ್ಲದೆ ಬದುವಿನ ಮೇಲೆ ಹೆಜ್ಜೆ ಇಡುವಂತಿಲ್ಲ. ಹೀಗಾಗಿ ಮನೆಯಲ್ಲಿ ಮೂರು ಟಾರ್ಚುಗಳಿವೆ. ಮೊದಲನೆಯದು ತಂದೆಯವರ ಹಳೆಯ ಟಾರ್ಚು, ಮೂರು ದೊಡ್ಡ ಶೆಲ್ಲಿನದು, ಬಲ್ಬು ಇರುವಂಥದ್ದು. ಎರಡನೆಯದು ಎರಡು ಎಎ ಪೆನ್ಸಿಲ್ ಶೆಲ್ಲಿನ ಎಲ್‌ಇಡಿ ಟಾರ್ಚು. ಮೂರನೆಯದು ಸಂತೆಯಲ್ಲಿ ಕೊಂಡ, ಒಂಬತ್ತು ಸಣ್ಣ ಎಲ್‌ಇಡಿಗಳಿರುವ, ಮೂರು ಎಎಎ ಶೆಲ್ಲಿನ ಚಿಕ್ಕ ಟಾರ್ಚು.

ಪಾಳಿ ಬಂದ ವಾರಗಳಲ್ಲಿ ಶೆಲ್ಲಿಗೇ ಬಹಳ ಹಣ ಹೋಗುತ್ತಿರುವುದನ್ನು ನೋಡಿ, ಕಳೆದ ತಿಂಗಳು ಚಾರ್ಜ್ ಮಾಡುವ ಎಎ ಮತ್ತು ಎಎಎ ಶೆಲ್ಲುಗಳನ್ನೂ ಒಂದು ಚಾರ್ಜರನ್ನೂ ಕೊಂಡೆ. ಎಎ ಶೆಲ್ಲಿನ ಮೇಲೆ 1.2 ವೋಲ್ಟ್, 2000 ಎಂಎಎಚ್ (ಮಿಲಿಆಂಪಿಯರ್-ಗಂಟೆ, ಶೆಲ್ಲು ಎಷ್ಟು ಹಿಡಿಯುತ್ತದೆ ಎಂಬುದರ ಅಳತೆ) ಎಂದು ಬರೆದಿದೆ. ಟಾರ್ಚುಗಳೆಲ್ಲ 1.5 ವೋಲ್ಟಿನ ಶೆಲ್ಲಿಗಾಗಿ ಮಾಡಿದವು. ಎರಡು ಶೆಲ್ಲಿನ ಎಲ್‌ಇಡಿ ಟಾರ್ಚು ಮೊದಲಿನಂತೆಯೇ ಉರಿಯುತ್ತದೆ. ಸಂತೆಯ ಟಾರ್ಚು ಹೊಸ ಶೆಲ್ಲಿಗೆ ಹೊತ್ತಿಕೊಳ್ಳುವುದೇ ಇಲ್ಲ, ಹಳೆಯ ಶೆಲ್ಲು ಹಾಕಿದರೆ ಹೊತ್ತುತ್ತದೆ. ತಂದೆಯವರ ಟಾರ್ಚಿಗೆ ಎಎ ಶೆಲ್ಲನ್ನು ದೊಡ್ಡ ಶೆಲ್ಲಿನ ಗಾತ್ರಕ್ಕೆ ತರುವ ಪ್ಲಾಸ್ಟಿಕ್ ಡಬ್ಬಿಗಳನ್ನು ತಂದು ಹಾಕಿದೆ. ಬೆಳಕು ಬಾಡಿದ ಚೆಂಡು ಹೂವಿನ ಬಣ್ಣದಲ್ಲಿ ಬರುತ್ತದೆ, ನಾಲ್ಕು ಮಾರು ದೂರಕ್ಕೂ ಸರಿಯಾಗಿ ಬೀಳುವುದಿಲ್ಲ. ವೋಲ್ಟೇಜ್ ಕಡಿಮೆ ಇರುವುದೇ ಇದಕ್ಕೆಲ್ಲ ಕಾರಣವೇ? ಕಡಿಮೆ ವೋಲ್ಟೇಜಿನಿಂದ ಟಾರ್ಚೇ ಕೆಡುವ ಸಾಧ್ಯತೆ ಇದೆಯೇ?

ಪೇಟೆಯ ಅಂಗಡಿಯೊಂದರಲ್ಲಿ ಇದೇ ಪೆನ್ಸಿಲ್ ಗಾತ್ರದ 3.7 ವೋಲ್ಟಿನ ಶೆಲ್ಲನ್ನು ತೋರಿಸಿ, ಇದನ್ನು ಹಾಕಿದರೆ ಬೆಳಕು ಜೋರಾಗಿ ಬರುತ್ತದೆ ಎಂದರು. ನಾನು ಇನ್ನೂ ಕೊಂಡಿಲ್ಲ. ತಂದೆಯವರು ಮಾತ್ರ ತಮ್ಮ ಹಳೆಯ ಶೆಲ್ಲುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿ ಮತ್ತೆ ಉಪಯೋಗಿಸುವುದನ್ನು ಬಿಟ್ಟಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.


ಉತ್ತರ: ಬೆಸುಗೆಕಡ್ಡಿ (ಕಲಬುರಗಿ, ರಿಪೇರಿ ಅಂಗಡಿ)

ಅಣ್ಣಾವರೆ, ಎಲ್ಲಕ್ಕಿಂತ ಮೊದಲು 3.7 ವೋಲ್ಟಿನ ಶೆಲ್ಲಿನ ವಿಷಯ ಹೇಳಿಬಿಡುತ್ತೇನೆ. ದಯವಿಟ್ಟು ಅದನ್ನು ಕೊಳ್ಳಬೇಡಿರಿ. ಅದು ಲಿಥಿಯಂ ಅಯಾನ್ ಶೆಲ್ಲು, ಅದರ ಗಾತ್ರಕ್ಕೆ 14500 ಎನ್ನುತ್ತಾರೆ. ನೋಡಲು ಎಎ ಶೆಲ್ಲಿನ ಅಣ್ಣತಮ್ಮನಂತಿದ್ದರೂ ಪೂರ್ತಿ ಚಾರ್ಜ್ ಆದಾಗ ಒಂದೊಂದೂ 4.2 ವೋಲ್ಟ್ ಕೊಡುತ್ತದೆ. ನಿಮ್ಮ ಎರಡು ಶೆಲ್ಲಿನ ಟಾರ್ಚಿಗೆ ಎರಡನ್ನೂ ಹಾಕಿದರೆ 3 ವೋಲ್ಟ್ ಬರಬೇಕಾದ ಕಡೆ 8.4 ವೋಲ್ಟ್ ಹೋಗುತ್ತದೆ. ಹೋದ ಮಳೆಗಾಲದಲ್ಲಿ ಒಬ್ಬರು ಇಂಥದೇ ಟಾರ್ಚನ್ನು ನನ್ನ ಅಂಗಡಿಗೆ ತಂದಿದ್ದರು. ತಲೆಯ ಭಾಗವನ್ನು ತಿರುಗಿಸಿ ಬಿಚ್ಚಿದಾಗ ಸುಟ್ಟ ವಾಸನೆ ಬಂತು. ಒಳಗಿದ್ದ ಜೋಳದ ಕಾಳಿನಷ್ಟು ದೊಡ್ಡ ಐಸಿ ನಡುವೆ ಸೀಳಿತ್ತು, ಎಲ್‌ಇಡಿಯ ಹಳದಿ ಮೈಯ ಮೇಲೆ ಕಪ್ಪು ಚುಕ್ಕೆ ಬಿದ್ದಿತ್ತು. ಅವರು ಅದನ್ನು ಒಂದೇ ಒಂದು ಸಲ ಹಚ್ಚಿದ್ದರಂತೆ. ಟಾರ್ಚು ಹೋದರೆ ಹೋಗಲಿ ಎನ್ನಬಹುದು. ಆದರೆ ಆ ಶೆಲ್ಲನ್ನು ತಿಳಿಯದೆ ನಿಮ್ಮ ಈಗಿನ ಚಾರ್ಜರಿಗೆ ಹಾಕಿದರೆ ಬೆಂಕಿಯೇ ಹತ್ತಬಹುದು. ಆ ಚಾರ್ಜರು 1.2 ವೋಲ್ಟಿನ ಶೆಲ್ಲಿಗಾಗಿಯೇ ಇರುವುದು.

ಈಗ ಸಂತೆಯ ಟಾರ್ಚಿಗೆ ಬರೋಣ. ಹಳೆಯ ಶೆಲ್ಲಿಗೆ ಹೊತ್ತಿಕೊಂಡು ಹೊಸದಕ್ಕೆ ಪೂರ್ತಿ ಸುಮ್ಮನಿರುತ್ತದೆ ಎಂದರೆ ಅದು ವೋಲ್ಟೇಜಿನ ತೊಂದರೆಯಲ್ಲ. ವೋಲ್ಟೇಜ್ ಕಡಿಮೆಯಾದರೆ ಮಂದವಾಗಿಯಾದರೂ ಉರಿಯುತ್ತಿತ್ತು. ಅದರ ಮೂರು ಶೆಲ್ಲು ಕೂರುವ ಪ್ಲಾಸ್ಟಿಕ್ ತೊಟ್ಟಿಲನ್ನು ಹೊರಗೆ ತೆಗೆದು, ಪ್ಲಸ್ ಕಡೆಯ ತಗಡನ್ನು ಗಮನವಿಟ್ಟು ನೋಡಿರಿ. ಶೆಲ್ಲನ್ನು ಉಲ್ಟಾ ಹಾಕಿದರೆ ತಾಗಬಾರದೆಂದು ಆ ತಗಡಿನ ಎರಡೂ ಬದಿಗೆ ಪ್ಲಾಸ್ಟಿಕ್ಕಿನ ಸಣ್ಣ ದಿಂಡು ಇಟ್ಟಿರುತ್ತಾರೆ. ಸಾಮಾನ್ಯ ಶೆಲ್ಲಿನ ಮೊಟ್ಟು ಸಣ್ಣಗೆ, ಉದ್ದಕ್ಕೆ ಇರುವುದರಿಂದ ಆ ಸಂದಿಯಲ್ಲಿ ಹೋಗಿ ತಾಗುತ್ತದೆ. ಕೆಲವು ಚಾರ್ಜಿಂಗ್ ಶೆಲ್ಲುಗಳ ಮೊಟ್ಟು ಗಿಡ್ಡ, ಅಗಲವೂ ಹೆಚ್ಚು. ಕೂದಲೆಳೆಯಷ್ಟು ಅಂತರದಲ್ಲಿ ನಿಂತುಬಿಡುತ್ತದೆ. ತೆಳುವಾದ ಸ್ಕ್ರೂಡ್ರೈವರಿನಿಂದ ಆ ತಗಡನ್ನು ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಅದು ಸಾಲದಿದ್ದರೆ ತಗಡಿನ ಮೇಲೆ ಸೀಸದ ಒಂದು ಹನಿ ಬೆಸುಗೆ ಹಾಕಿಸಿರಿ, ಯಾವ ರಿಪೇರಿ ಅಂಗಡಿಯವರಾದರೂ ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಮಡಚಿ ಇಡುವುದು ಮಾತ್ರ ಬೇಡ. ಅದು ಜಾರಿ ಶಾರ್ಟ್ ಆದರೆ, ಈ ಚಾರ್ಜಿಂಗ್ ಶೆಲ್ಲುಗಳು ಒಮ್ಮೆಲೇ ಹತ್ತಾರು ಆಂಪಿಯರ್ ಹರಿಸಿ, ಮುಟ್ಟಿದರೆ ಕೈ ಸುಡುವಷ್ಟು ಕಾಯುತ್ತವೆ. ಅವನ್ನು ಅಂಗಿಯ ಜೇಬಿನಲ್ಲಿ ಕೀಲಿಕೈ, ಚಿಲ್ಲರೆ ಹಣದ ಜೊತೆ ಇಡಬಾರದೆನ್ನುವುದೂ ಇದೇ ಕಾರಣಕ್ಕೆ.

ಹೊತ್ತಿಕೊಂಡ ಮೇಲೆ ಇನ್ನೊಂದು ಕೆಲಸ ಇದೆ. ಇಂಥ ಟಾರ್ಚುಗಳಲ್ಲಿ ಬಹಳಷ್ಟಕ್ಕೆ ಒಳಗೆ ರೆಸಿಸ್ಟರ್, ಎಂದರೆ ಕರೆಂಟನ್ನು ತಡೆಯುವ ಸಣ್ಣ ಬಿಡಿಭಾಗ, ಇರುವುದೇ ಇಲ್ಲ. ಸಾಮಾನ್ಯ ಶೆಲ್ಲು ತನ್ನೊಳಗೇ ತಡೆ ಇಟ್ಟುಕೊಂಡಿರುತ್ತದೆಂದು ನಂಬಿ ಅವನ್ನು ಮಾಡಿರುತ್ತಾರೆ. ಚಾರ್ಜರಿನಿಂದ ಆಗಷ್ಟೇ ತೆಗೆದ ಮೂರು ಚಾರ್ಜಿಂಗ್ ಶೆಲ್ಲುಗಳು ಸೇರಿ 4.2 ವೋಲ್ಟಿನ ಹತ್ತಿರ ಇರುತ್ತವೆ, ಅವುಗಳ ಒಳತಡೆ ತೀರ ಕಡಿಮೆ. 1.2 ಎಂದು ಬರೆದ ಶೆಲ್ಲು 1.5ರ ಶೆಲ್ಲಿಗಿಂತ ಹೆಚ್ಚು ಕರೆಂಟನ್ನು ಎಲ್‌ಇಡಿಗೆ ನುಗ್ಗಿಸುವುದನ್ನು ನಾನೇ ಮೀಟರಿನಲ್ಲಿ ನೋಡಿದ್ದೇನೆ. ಬೆಳಕು ಜೋರಾಗುತ್ತದೆ, ಆದರೆ ಎಲ್‌ಇಡಿ ಕಾಯ್ದು ಕಾಯ್ದು ಕೆಲವು ತಿಂಗಳಲ್ಲಿ ನೀಲಿಗೆ ತಿರುಗಿ ಒಂದೊಂದೇ ಆರುತ್ತವೆ. ಒಂಬತ್ತು ಎಲ್‌ಇಡಿಗೆ ತಲಾ 20 ಮಿಲಿಆಂಪಿಯರ್ ಎಂದು ಲೆಕ್ಕ ಹಾಕಿದರೆ 180 ಆಗುತ್ತದೆ, ಒಂದು 2.2 ಓಂ, ಅರ್ಧ ವ್ಯಾಟಿನ ರೆಸಿಸ್ಟರ್ ಸೇರಿಸಿದರೆ ಸಾಕು. ಅದರ ಬೆಲೆ ಚಹಾದ ಬೆಲೆಗಿಂತ ಕಡಿಮೆ.

ತಂದೆಯವರ ಟಾರ್ಚಿನ ಬಗ್ಗೆ ನನಗೆ ಬಲ್ಬಿನ ಮೇಲೆಯೇ ಸಂಶಯ. ಅದರ ಹಿತ್ತಾಳೆ ಕಂಠದ ಮೇಲೆ ಏನು ಕೆತ್ತಿದೆ ಎಂದು ಓದಿ ಹೇಳಿರಿ.


ಉತ್ತರ: ಭೌತಶಾಸ್ತ್ರಪಾಠ (ಬೀದರ್)

ರಿಪೇರಿ ಅಂಗಡಿಯವರು ಕೈಯಿಂದ ಕಂಡು ಹೇಳಿದ್ದು ಪೂರ್ತಿ ಸರಿಯಾಗಿದೆ. 1.2 ಮತ್ತು 1.5 ಎಂಬ ಎರಡು ಅಂಕಿಗಳನ್ನು ಎದುರಿಗಿಟ್ಟುಕೊಂಡು ಜನ ಅನಗತ್ಯವಾಗಿ ಹೆದರುವುದನ್ನು ನಾನು ಕಾಲೇಜಿನಲ್ಲೂ ನೋಡುತ್ತಿರುವುದರಿಂದ, ಆ ಅಂಕಿಗಳ ಅರ್ಥವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬಿಸಾಡುವ ಶೆಲ್ಲಿನ ಮೇಲಿರುವ 1.5 ಎಂಬುದು ಅದು ಹೊಸದಾಗಿದ್ದಾಗಿನ, ಕೆಲಸವಿಲ್ಲದೆ ಕುಳಿತಿರುವಾಗಿನ ಅಂಕಿ. ಟಾರ್ಚು ಹಚ್ಚಿದ ಕ್ಷಣದಿಂದಲೇ ಅದು ಇಳಿಯತೊಡಗುತ್ತದೆ. ಇಳಿಜಾರಿನಲ್ಲಿ ಬಿಟ್ಟ ಬಂಡಿಯಂತೆ 1.4, 1.3, 1.2, 1.1 ಎಂದು ಇಳಿಯುತ್ತಲೇ ಹೋಗಿ 0.9ರ ಹೊತ್ತಿಗೆ ನಾವು ಅದನ್ನು ಬಿಸಾಡುತ್ತೇವೆ. ಎಂದರೆ ತನ್ನ ಆಯುಷ್ಯದ ದೊಡ್ಡ ಪಾಲನ್ನು ಆ ಶೆಲ್ಲು 1.2ರ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಕಳೆಯುತ್ತದೆ. ನಿಕಲ್-ಮೆಟಲ್ ಹೈಡ್ರೈಡ್ ಶೆಲ್ಲಿನ, ಎಂದರೆ ತಮ್ಮ 1.2 ವೋಲ್ಟಿನ ಚಾರ್ಜಿಂಗ್ ಶೆಲ್ಲಿನ, ನಡೆ ಬೇರೆ. ಚಾರ್ಜ್ ಆದ ಕೂಡಲೇ 1.4ರ ಹತ್ತಿರವಿದ್ದು, ಬೇಗನೆ 1.25ಕ್ಕೆ ಬಂದು, ಅಲ್ಲಿಂದ ಬಯಲಿನಂತೆ ಸಮನಾಗಿ ಸಾಗಿ, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಅದರ ಮೇಲಿರುವ 1.2 ಎಂಬುದು ಆ ಬಯಲಿನ ಎತ್ತರ. ಒಂದರ ಮೇಲೆ ಆರಂಭದ ಅಂಕಿಯನ್ನೂ ಇನ್ನೊಂದರ ಮೇಲೆ ನಡುವಿನ ಅಂಕಿಯನ್ನೂ ಬರೆದಿರುವುದರಿಂದಲೇ ಇಷ್ಟೆಲ್ಲ ಗೊಂದಲ. 1.1 ವೋಲ್ಟಿಗೆ ಇಳಿದ ಹಳೆಯ ಶೆಲ್ಲಿನಲ್ಲೂ ಉರಿಯುವಂತೆ ಮಾಡಿದ ಟಾರ್ಚು 1.2 ವೋಲ್ಟಿನಿಂದ ಕೆಡಲು ಸಾಧ್ಯವಿಲ್ಲ.

ಎರಡನೆಯದು, ಶೆಲ್ಲಿನ ಒಳತಡೆ. ಬೋರ್‌ವೆಲ್ಲಿನಲ್ಲಿ ನೀರು ಎಷ್ಟೇ ಇದ್ದರೂ ಪೈಪು ಸಣ್ಣದಾದರೆ ಹೊಲಕ್ಕೆ ಹರಿಯುವುದು ಕಡಿಮೆಯಲ್ಲವೇ, ಹಾಗೆ. ಸತು-ಇಂಗಾಲದ ಸಾಮಾನ್ಯ ಶೆಲ್ಲಿನ ಪೈಪು ಬಹಳ ಸಣ್ಣದು, ಬಿಸಾಡುವ ಶೆಲ್ಲಿನಲ್ಲೇ ಇನ್ನೊಂದು ಬಗೆಯಾದ ಆಲ್ಕಲೈನ್ ಶೆಲ್ಲಿನದು ಅದಕ್ಕಿಂತ ಮೇಲು, ಚಾರ್ಜಿಂಗ್ ಶೆಲ್ಲಿನದು ಎಲ್ಲಕ್ಕಿಂತ ದೊಡ್ಡದು. ಆಲ್ಕಲೈನ್ ಎಎ ಶೆಲ್ಲಿನಿಂದ ಮೆಲ್ಲಗೆ ತೆಗೆದುಕೊಂಡರೆ 2500 ಎಂಎಎಚ್‌ಗೂ ಹೆಚ್ಚು ಸಿಗುತ್ತದೆ; ಒಂದು ಆಂಪಿಯರ್ ಎಳೆದರೆ ಅದರ ಅರ್ಧವೂ ಸಿಗುವುದಿಲ್ಲ. 2000 ಎಂದು ಬರೆದ ಒಳ್ಳೆಯ ಚಾರ್ಜಿಂಗ್ ಶೆಲ್ಲು ಒಂದು ಆಂಪಿಯರ್ ಎಳೆದಾಗಲೂ ಹೆಚ್ಚುಕಡಿಮೆ ಅಷ್ಟನ್ನೂ ಕೊಡುತ್ತದೆ. ಗೋಡೆ ಗಡಿಯಾರ, ಟಿವಿ ರಿಮೋಟಿನಂತೆ ಹನಿಹನಿಯಾಗಿ ಕುಡಿಯುವ ವಸ್ತುಗಳಿಗೆ ಬಿಸಾಡುವ ಶೆಲ್ಲೇ ಸರಿ, ದಿನವೂ ಉರಿಸುವ ಟಾರ್ಚಿಗೆ ಚಾರ್ಜಿಂಗ್ ಶೆಲ್ಲು ಸರಿ ಎಂದು ನಾನು ಹೇಳುವುದು ಇದರಿಂದಲೇ.

ಬಲ್ಬಿನ ಟಾರ್ಚಿಗೂ ಎಲ್‌ಇಡಿ ಟಾರ್ಚಿಗೂ ವ್ಯತ್ಯಾಸವಿದೆ. ಬಿಳಿ ಎಲ್‌ಇಡಿ ಉರಿಯಲು ಸುಮಾರು 3 ವೋಲ್ಟ್ ಬೇಕು. ಎರಡು ಶೆಲ್ಲಿನ ಟಾರ್ಚಿನಲ್ಲಿ ಶೆಲ್ಲುಗಳು ಸ್ವಲ್ಪ ಇಳಿದರೂ ಅಷ್ಟು ಸಿಗುವುದಿಲ್ಲವಾದ್ದರಿಂದ, ವೋಲ್ಟೇಜನ್ನು ಏರಿಸುವ ಒಂದು ಪುಟ್ಟ ಸರ್ಕ್ಯೂಟು ಅದರೊಳಗೆ ಇರಲೇಬೇಕು. ಅದಕ್ಕೆ 3.0 ಬಂದರೇನು, 2.4 ಬಂದರೇನು, ತನಗೆ ಬೇಕಾದಷ್ಟು ಎಳೆದುಕೊಂಡು ಒಂದೇ ಸಮನೆ ಉರಿಸುತ್ತದೆ. ತಮ್ಮ ಎರಡನೆಯ ಟಾರ್ಚಿನಲ್ಲಿ ವ್ಯತ್ಯಾಸ ಕಾಣದಿರಲು ಕಾರಣ ಇದು. ತಂತಿಯ ಬಲ್ಬು ಹಾಗಲ್ಲ. ಅದರ ಬೆಳಕು ವೋಲ್ಟೇಜಿನ ಸುಮಾರು ಮೂರೂವರೆಯ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ವೋಲ್ಟೇಜಿನಲ್ಲಿ ನಾಲ್ಕರಲ್ಲೊಂದು ಭಾಗ ಕಡಿಮೆಯಾದರೆ ಬೆಳಕು ಅರ್ಧಕ್ಕಿಂತಲೂ ಕೆಳಗೆ ಇಳಿದು, ಬಣ್ಣವೂ ಕೆಂಪಿಗೆ ತಿರುಗುತ್ತದೆ. ಆದ್ದರಿಂದ ಬಲ್ಬಿನ ಟಾರ್ಚಿನಲ್ಲಿ ಬಲ್ಬು ಎಷ್ಟು ವೋಲ್ಟಿನದು ಎಂಬುದೇ ಮುಖ್ಯ. ಮೂರು ಶೆಲ್ಲಿಗೆ 3.8 ವೋಲ್ಟಿನ ಬಲ್ಬು ಸರಿಯಾದದ್ದು. ಮೂರು ಚಾರ್ಜಿಂಗ್ ಶೆಲ್ಲಿನ 3.6 ವೋಲ್ಟಿಗೆ ಅದು ತನ್ನ ಪೂರ್ಣ ಬೆಳಕಿನ ನೂರಕ್ಕೆ 80ರಷ್ಟನ್ನು ಕೊಡಬೇಕು. ತಾವು ಹೇಳುವಷ್ಟು ಮಂಕು ಅದರಲ್ಲಿ ಬರುವುದಿಲ್ಲ. ಬಲ್ಬು ತಪ್ಪಿರಬೇಕು, ಇಲ್ಲವೇ ಆ ಡಬ್ಬಿಗಳ ತಗಡು ಸರಿಯಾಗಿ ತಾಗುತ್ತಿರಲಿಕ್ಕಿಲ್ಲ.

ಪ್ರತಿ ವರ್ಷ ವಿದ್ಯಾರ್ಥಿಗಳನ್ನು ನೌಬಾದಿನ ಸುರಂಗ ಬಾವಿಗೆ, ಬಹಮನಿ ಕಾಲದ ಆ ಕರೇಜಿಗೆ, ಕರೆದುಕೊಂಡು ಹೋಗುತ್ತೇನೆ. ಸಾಮಾನ್ಯ ಶೆಲ್ಲಿನ ಟಾರ್ಚುಗಳು ಮೊದಲ ಹತ್ತು ನಿಮಿಷ ಜೋರಾಗಿ ಉರಿದು, ಗೋಡೆಯ ಮೇಲಿನ ಉಳಿಯ ಗುರುತುಗಳನ್ನು ತೋರಿಸುವ ಹೊತ್ತಿಗೆ ಮಂಕಾಗಿಬಿಡುತ್ತಿದ್ದವು. ಚಾರ್ಜಿಂಗ್ ಶೆಲ್ಲು ಹಾಕತೊಡಗಿದ ಮೇಲೆ ಒಳಗೆ ಹೋಗುವಾಗ ಇದ್ದ ಬೆಳಕೇ ಹೊರಗೆ ಬರುವಾಗಲೂ ಇರುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಬಯಲಿನ ಕೊನೆಗೆ ಕಂದಕವಿರುವುದರಿಂದ, ಬೆಳಕು ಇಳಿಯತೊಡಗಿದ ಮೇಲೆ ನಿಮಿಷಗಳಷ್ಟೇ ಸಮಯವಿರುತ್ತದೆ. ಆಗ ಕೂಡಲೇ ಆರಿಸಬೇಕು. ಸಾಲಾಗಿ ಕೂಡಿಸಿದ ಶೆಲ್ಲುಗಳಲ್ಲಿ ದುರ್ಬಲವಾದದ್ದು ಮೊದಲು ಖಾಲಿಯಾಗುತ್ತದೆ, ಆದರೂ ಉಳಿದವು ಅದರ ಮೂಲಕ ಕರೆಂಟನ್ನು ತಳ್ಳುತ್ತಲೇ ಇರುತ್ತವೆ. ಆಗ ಅದರ ಪ್ಲಸ್ ಮೈನಸ್ ಅದಲುಬದಲಾಗಿ ಒಳಗೆ ಅನಿಲ ಹುಟ್ಟಿ ಶೆಲ್ಲು ಶಾಶ್ವತವಾಗಿ ಕೆಡುತ್ತದೆ. ಟಾರ್ಚನ್ನು ಹಚ್ಚಿಟ್ಟು ನಿದ್ದೆ ಹೋದ ಒಂದೇ ರಾತ್ರಿಗೆ ಹೊಸ ಜೋಡಿಯೊಂದು ಕೆಟ್ಟದ್ದನ್ನು ನಾನು ಕಂಡಿದ್ದೇನೆ.

ಬಿಸಿಲಿಗೆ ಒಣಗಿಸುವ ವಿಷಯ. ತಂದೆಯವರು ಮಾಡುವುದು ಸುಳ್ಳಲ್ಲ, ಶೆಲ್ಲು ಸ್ವಲ್ಪ ಹೊತ್ತು ಉರಿಯುವುದು ನಿಜ. ವಿಶ್ರಾಂತಿ ಸಿಕ್ಕಾಗ ಒಳಗಿನ ವಸ್ತು ಅಷ್ಟಿಷ್ಟು ಸುಧಾರಿಸಿಕೊಳ್ಳುತ್ತದೆ, ಶಾಖಕ್ಕೆ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ಆದರೆ ಸಾಮಾನ್ಯ ಶೆಲ್ಲಿನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಉರಿಯುವ ಸೌದೆಯೂ ಹೌದು. ಬಳಸಿದಷ್ಟೂ ಅದು ತೆಳುವಾಗುತ್ತದೆ. ಮುಗಿದ ಶೆಲ್ಲನ್ನು ಕಾಯಿಸಿದರೆ ಆ ತೆಳುವಾದ ಗೋಡೆ ತೂತಾಗಿ, ಒಳಗಿನ ರಸ ಸೋರಿ ಟಾರ್ಚಿನ ಸ್ಪ್ರಿಂಗನ್ನು ತಿನ್ನುತ್ತದೆ. ಚಾರ್ಜಿಂಗ್ ಶೆಲ್ಲನ್ನಂತೂ ನಮ್ಮ ಕಡೆಯ ಬಿಸಿಲಿಗೆ ಇಡಲೇಬಾರದು.


ಉತ್ತರ: ಹೊಸಹುಡುಗ (ಚಿತ್ತಾಪುರ)

ಸರ್, ಮೂರು ಶೆಲ್ಲಿನ ಟಾರ್ಚಿನಲ್ಲಿ ಎರಡು ಚಾರ್ಜಿಂಗ್ ಶೆಲ್ಲಿನ ಜೊತೆಗೆ ಒಂದು ಆಲ್ಕಲೈನ್ ಹಾಕಿದರೆ ಒಟ್ಟು 3.9 ವೋಲ್ಟ್ ಬರುತ್ತದೆ. ಬಲ್ಬಿಗೆ ಅದು ಸರಿಹೋಗುವುದಿಲ್ಲವೇ? ನಾನು ಹಾಗೆಯೇ ಉಪಯೋಗಿಸುತ್ತಿದ್ದೇನೆ.


ಉತ್ತರ: ಭೌತಶಾಸ್ತ್ರಪಾಠ (ಬೀದರ್)

ತಮ್ಮಾ, ಲೆಕ್ಕ ಸರಿಯಾಗಿದೆ, ಕ್ರಮ ಸರಿಯಿಲ್ಲ. ಮೇಲೆ ಹೇಳಿದ ದುರ್ಬಲ ಶೆಲ್ಲಿನ ಅಪಾಯವನ್ನು ನೀನು ಕೈಯಾರೆ ತಂದುಕೊಂಡಂತೆ ಆಗುತ್ತದೆ. ಯಾವುದು ಮೊದಲು ಖಾಲಿಯಾದರೂ ಉಳಿದೆರಡು ಅದನ್ನು ಉಲ್ಟಾ ತಳ್ಳುತ್ತವೆ. ಆಲ್ಕಲೈನ್ ಮೊದಲು ಮುಗಿದರೆ ಅದು ಟಾರ್ಚಿನೊಳಗೇ ಸೋರುತ್ತದೆ. ಒಂದು ಟಾರ್ಚಿನಲ್ಲಿ ಒಂದೇ ಜಾತಿಯ, ಒಂದೇ ದಿನ ಕೊಂಡ, ಒಟ್ಟಿಗೆ ಚಾರ್ಜ್ ಆದ ಶೆಲ್ಲುಗಳೇ ಇರಬೇಕು. ಇಂದೇ ತೆಗೆದುಬಿಡು.


ಉತ್ತರ: ಕಾಲುವೆಬದಿ (ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ)

ನಾನು ಅಂಗನವಾಡಿ ಕಾರ್ಯಕರ್ತೆ, ಮನೆಯಲ್ಲಿ ಭತ್ತದ ಗದ್ದೆಯೂ ಇದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಿಟ್ಟ ದಿನಗಳಲ್ಲಿ ರಾತ್ರಿ ಗದ್ದೆಗೆ ನೀರು ಕಟ್ಟಲು ನಾವೂ ಹೋಗುತ್ತೇವೆ. ನಾಲ್ಕು ವರ್ಷಗಳಿಂದ ಚಾರ್ಜಿಂಗ್ ಶೆಲ್ಲನ್ನೇ ಬಳಸುತ್ತಿರುವುದರಿಂದ ನನ್ನ ಅನುಭವವನ್ನು ಬರೆಯುತ್ತೇನೆ.

ಮೊದಲ ಸಲ ಕೊಂಡಾಗ ಚಾರ್ಜ್ ಮಾಡಿ ಟಾರ್ಚಿಗೆ ಹಾಕಿ ಗೂಟಕ್ಕೆ ನೇತುಹಾಕಿದ್ದೆ. ಎರಡು ತಿಂಗಳ ಮೇಲೆ ಒಂದು ರಾತ್ರಿ ಪಕ್ಕದ ಮನೆಯ ಬಸುರಿಗೆ ಹೆರಿಗೆ ನೋವು ಬಂತೆಂದು ಕರೆದರು, ಕರೆಂಟು ಇರಲಿಲ್ಲ. ಟಾರ್ಚಿನ ಗುಂಡಿ ಒತ್ತಿದರೆ ಎಲ್‌ಇಡಿಯ ನಡುವೆ ಸಾಸಿವೆಯಷ್ಟು ಬೆಳಕು ಮೂಡಿ ಆರಿಹೋಯಿತು. ಒಮ್ಮೆಯೂ ಬಳಸದ ಶೆಲ್ಲು ಹೇಗೆ ಖಾಲಿಯಾಯಿತೆಂದು ಆಗ ನನಗೆ ಅರ್ಥವಾಗಿರಲಿಲ್ಲ. ಆಮೇಲೆ ತಿಳಿದದ್ದೇನೆಂದರೆ, ಹಳೆಯ ಬಗೆಯ ಚಾರ್ಜಿಂಗ್ ಶೆಲ್ಲು ಸುಮ್ಮನಿದ್ದರೂ ಒಂದೇ ತಿಂಗಳಲ್ಲಿ ನೂರಕ್ಕೆ 20ರಿಂದ 30ರಷ್ಟನ್ನು ಕಳೆದುಕೊಳ್ಳುತ್ತದೆ, ಸೆಕೆ ಹೆಚ್ಚಾದರೆ ಇನ್ನೂ ಬೇಗ. 2005ರಲ್ಲಿ ಸ್ಯಾನ್ಯೊ ಕಂಪನಿಯವರು ಎನಲೂಪ್ ಎಂಬ ಹೆಸರಿನಲ್ಲಿ, ಹೀಗೆ ಸುಮ್ಮನೆ ಸೋರಿಹೋಗದ ಬಗೆಯನ್ನು ತಂದರು. ಈಗ ಬೇರೆ ಕಂಪನಿಗಳೂ ಅಂಥವನ್ನು ಮಾಡುತ್ತವೆ. ತಂಪಾದ ಜಾಗದಲ್ಲಿಟ್ಟರೆ ವರ್ಷ ಕಳೆದರೂ ಅರ್ಧಕ್ಕಿಂತ ಬಹಳ ಹೆಚ್ಚು ಉಳಿದಿರುತ್ತದೆ. ಕೊಳ್ಳುವಾಗ ಪಾಕೀಟಿನ ಮೇಲೆ ಚಾರ್ಜ್ ಮಾಡಿಯೇ ಕಳಿಸಿದೆ, ಕೂಡಲೇ ಬಳಸಬಹುದು ಎಂಬ ಅರ್ಥದ ಬರಹ ಇದ್ದರೆ ಅದು ಆ ಬಗೆಯದು. ಎಂಎಎಚ್ ಅಂಕಿ ದೊಡ್ಡದಿದೆ ಎಂದು ಮರುಳಾಗಬೇಡಿರಿ. ಎಎ ಗಾತ್ರದಲ್ಲಿ 2800ಕ್ಕಿಂತ ಮೇಲೆ ಬರೆದಿದ್ದರೆ ನಾನು ಆ ಅಂಗಡಿಯಿಂದ ಎದ್ದು ಬರುತ್ತೇನೆ.

ಆ ರಾತ್ರಿಯ ನಂತರ ನಮ್ಮ ಮನೆಯಲ್ಲಿ ಎರಡು ಪದ್ಧತಿ ಮಾಡಿಕೊಂಡೆವು. ದಿನವೂ ಒಯ್ಯುವ ಟಾರ್ಚಿಗೆ ಚಾರ್ಜಿಂಗ್ ಶೆಲ್ಲು, ಎರಡು ಜೋಡಿ. ಒಂದು ಜೋಡಿಗೆ ಉಗುರಿನ ಬಣ್ಣದಿಂದ ಕೆಂಪು ಚುಕ್ಕೆ, ಇನ್ನೊಂದಕ್ಕೆ ಹಸಿರು, ಬೆರಕೆಯಾಗುವ ಪ್ರಶ್ನೆಯೇ ಇಲ್ಲ. ತುರ್ತಿಗೆಂದು ತಲೆದಿಂಬಿನ ಹತ್ತಿರ ಇಡುವ ಇನ್ನೊಂದು ಸಣ್ಣ ಟಾರ್ಚಿಗೆ ಆಲ್ಕಲೈನ್, ಆದರೆ ಶೆಲ್ಲುಗಳನ್ನು ಒಳಗೆ ಹಾಕದೆ ರಬ್ಬರ್ ಬ್ಯಾಂಡಿನಲ್ಲಿ ಪಕ್ಕಕ್ಕೆ ಕಟ್ಟಿರುತ್ತೇವೆ. ಸೋರಿದರೂ ಟಾರ್ಚಿಗೆ ಹಾನಿಯಿಲ್ಲ. ಕತ್ತಲಲ್ಲಿ ಹಾಕಿ ಅಭ್ಯಾಸವಾಗಲೆಂದು ಮಕ್ಕಳಿಗೆ ಕಣ್ಣುಮುಚ್ಚಿ ಹಾಕುವುದನ್ನು ಕಲಿಸಿದ್ದೇನೆ.

ಯುಎಸ್‌ಬಿ ತಂತಿಯಿಂದ ಚಾರ್ಜ್ ಮಾಡುವ 1.5 ವೋಲ್ಟಿನ ಶೆಲ್ಲೂ ಈಗ ಬರುತ್ತದೆ. ಒಳಗೆ ಲಿಥಿಯಂ ಶೆಲ್ಲು ಇದ್ದು, ವೋಲ್ಟೇಜನ್ನು ಇಳಿಸಿ ಕೊನೆಯವರೆಗೂ ಸರಿಯಾಗಿ ಒಂದೂವರೆಯನ್ನೇ ಕೊಡುತ್ತದೆ. ಕೇಳಲು ಚೆನ್ನಾಗಿದೆ, ನಾವೂ ತಂದಿದ್ದೆವು. ಕಾಲುವೆಯ ಏರಿಯ ಮೇಲೆ ನಡೆಯುತ್ತಿದ್ದಾಗ ಯಾವ ಮುನ್ಸೂಚನೆಯೂ ಇಲ್ಲದೆ ಟಾರ್ಚು ಪಕ್ಕನೆ ಆರಿಹೋಯಿತು, ಮಂಕಾಗಲೂ ಇಲ್ಲ. ಒಂದು ಕಡೆ ತುಂಬಿ ಹರಿಯುವ ನೀರು, ಕಾಲ ಕೆಳಗೆ ಜಾರುವ ಮಣ್ಣು. ಅಲ್ಲಿಯೇ ಕುಳಿತುಬಿಟ್ಟೆ. ಹಿಂದೆ ಬರುತ್ತಿದ್ದ ನಮ್ಮ ಯಜಮಾನರು ಮೊಬೈಲಿನ ಬೆಳಕು ಹಿಡಿಯುವವರೆಗೂ ಏಳಲಿಲ್ಲ. ಆ ಶೆಲ್ಲು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಆದರೆ ರಾತ್ರಿ ಹೊರಗೆ ಒಯ್ಯುವ ಟಾರ್ಚಿಗೆ ಅದು ಬೇಡ.

ಚಾರ್ಜರಿನ ಬಗ್ಗೆ ಒಂದು ಮಾತು. ಅಗ್ಗದ ಚಾರ್ಜರುಗಳು ತಾವಾಗಿ ನಿಲ್ಲುವುದಿಲ್ಲ. ಅದರ ಹಿಂದೆ ಬರೆದ ಮಿಲಿಆಂಪಿಯರ್ ನೋಡಿರಿ. 2000ದ ಶೆಲ್ಲಿಗೆ 200 ಮಿಲಿಆಂಪಿಯರ್ ಆದರೆ 14 ರಿಂದ 16 ಗಂಟೆ ಸಾಕು. ನಾನು ಮರೆತು ಎರಡು ದಿನ ಬಿಟ್ಟ ಜೋಡಿಯ ತ್ರಾಣ ಅರ್ಧಕ್ಕಿಳಿಯಿತು. ತುಂಬಿದ ಮೇಲೆ ತಾನೇ ನಿಲ್ಲುವ, ಒಂದೊಂದು ಶೆಲ್ಲನ್ನೂ ಬೇರೆಬೇರೆಯಾಗಿ ನೋಡುವ ಚಾರ್ಜರಿಗೆ ಹಣ ಹೆಚ್ಚಾದರೂ ಅದನ್ನೇ ಕೊಳ್ಳಿರಿ. ಬೇಸಿಗೆಯಲ್ಲಿ ತಗಡಿನ ಮಾಳಿಗೆಯ ಕೆಳಗೆ ಹಗಲು ಚಾರ್ಜಿಗೆ ಹಾಕುವುದಕ್ಕಿಂತ ಬೆಳಗಿನ ಜಾವದ ತಂಪಿನಲ್ಲಿ ಹಾಕುವುದು ಮೇಲು.


ಉತ್ತರ: ಬೆಸುಗೆಕಡ್ಡಿ (ಕಲಬುರಗಿ, ರಿಪೇರಿ ಅಂಗಡಿ)

ಅಕ್ಕನವರು ಹೇಳಿದ ಅಂಕಿಯ ಮಾತಿಗೆ ಒಂದು ಸೇರಿಸುತ್ತೇನೆ. ದೊಡ್ಡ ಗಾತ್ರದ ಚಾರ್ಜಿಂಗ್ ಶೆಲ್ಲು ಕೊಳ್ಳುವವರು ಕೈಯಲ್ಲಿ ಎತ್ತಿ ತೂಗಿ ನೋಡಬೇಕು. ನಿಜವಾದದ್ದು 8000ದಿಂದ 10000 ಎಂಎಎಚ್ ಇದ್ದು 150 ಗ್ರಾಮಿನಷ್ಟು ಭಾರವಿರುತ್ತದೆ. ಅಂಗೈಯಲ್ಲಿ ಹಗುರ ಎನಿಸಿದರೆ ಒಳಗೆ ಸಣ್ಣ ಶೆಲ್ಲೊಂದನ್ನು ಇಟ್ಟು ಸುತ್ತ ಪೊಳ್ಳು ಬಿಟ್ಟಿದ್ದಾರೆ ಎಂದೇ ತಿಳಿಯಿರಿ. ಹೀಗೆ ಒಡೆದು ನೋಡಿದವುಗಳಲ್ಲಿ ಎರಡು ಇನ್ನೂ ನನ್ನ ಮೇಜಿನ ಮೇಲಿವೆ, ಕೇಳಿದವರಿಗೆ ತೋರಿಸುತ್ತೇನೆ. ಅಂಥದ್ದಕ್ಕೆ ಹಣ ಕೊಡುವ ಬದಲು ಎಎ ಶೆಲ್ಲನ್ನು ಡಬ್ಬಿಯಲ್ಲಿ ಹಾಕುವುದೇ ಪ್ರಾಮಾಣಿಕ ಲೆಕ್ಕ.


ಪ್ರಶ್ನೆ ಕೇಳಿದವರ ಮರುಬರಹ: ಎರೆಹೊಲ (ಜೇವರ್ಗಿ ತಾಲ್ಲೂಕು)

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ತಂದೆಯವರ ಟಾರ್ಚಿನ ಬಲ್ಬನ್ನು ಬಿಚ್ಚಿ, ಕಂಠವನ್ನು ಪಂಚೆಯ ಅಂಚಿನಿಂದ ಒರೆಸಿ, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. 4.8 ವೋಲ್ಟ್ ಎಂದು ಕೆತ್ತಿದೆ. ಎಂದರೆ ನಾಲ್ಕು ಶೆಲ್ಲಿನ ಬಲ್ಬನ್ನು ಯಾವಾಗಲೋ ಯಾರೋ ಹಾಕಿದ್ದಾರೆ. ಹೊಸ ಸಾಮಾನ್ಯ ಶೆಲ್ಲು ಹಾಕಿದಾಗ ಮಂಕು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲವಾದ್ದರಿಂದ ನಾವು ಅದನ್ನು ಶೆಲ್ಲಿನ ತಪ್ಪೆಂದೇ ತಿಳಿದು ಇಷ್ಟು ವರ್ಷ ಬೇಗ ಬೇಗ ಶೆಲ್ಲು ಬದಲಿಸುತ್ತ ಬಂದಿದ್ದೆವು. ಜೇವರ್ಗಿಯಲ್ಲಿ 3.8 ವೋಲ್ಟ್, 0.3 ಆಂಪಿಯರಿನ ಬಲ್ಬು ಸಿಕ್ಕಿತು. ತಳದ ಸ್ಪ್ರಿಂಗಿಗೆ ಹತ್ತಿದ್ದ ಬಿಳಿ ಹಸಿರು ಕಿಲುಬನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದೆ. ಈಗ ಅದೇ ಶೆಲ್ಲು, ಅದೇ ಡಬ್ಬಿ, ಬೆಳಕು ಬಾವಿಯ ಆಚೆಯ ಬೇವಿನ ಮರದವರೆಗೂ ಹೋಗುತ್ತದೆ. 2000ವನ್ನು 300ರಿಂದ ಭಾಗಿಸಿದರೆ ಆರು ಗಂಟೆಗಿಂತ ತುಸು ಹೆಚ್ಚು ಉರಿಯಬೇಕು. ನಿನ್ನೆ ಒಂದೂವರೆ ಗಂಟೆ ಬಳಸಿದೆವು, ಬೆಳಕು ಇಳಿದಿಲ್ಲ.

ಸಂತೆಯ ಟಾರ್ಚಿಗೂ ತಗಡನ್ನು ಮುಂದಕ್ಕೆ ಎಳೆದ ಮೇಲೆ ಜೀವ ಬಂದಿದೆ. ರೆಸಿಸ್ಟರ್ ಹಾಕಿಸುವವರೆಗೆ ಅದನ್ನು ಬಳಸುವುದಿಲ್ಲ.

ಒಂದೇ ಒಂದು ಸಂದೇಹ ಉಳಿದಿದೆ. ಮನೆಯಲ್ಲಿ ಮುಗಿದ ಸಾಮಾನ್ಯ ಶೆಲ್ಲುಗಳು ಒಂದು ಬುಟ್ಟಿಯಷ್ಟಿವೆ. ಇಷ್ಟು ದಿನ ತಿಪ್ಪೆಗೇ ಹಾಕುತ್ತಿದ್ದೆವು. ಅವನ್ನು ಈ ಚಾರ್ಜರಿನಲ್ಲಿ ಚಾರ್ಜ್ ಮಾಡಲು ಬರುತ್ತದೆಯೇ?


ಉತ್ತರ: ಭೌತಶಾಸ್ತ್ರಪಾಠ (ಬೀದರ್)

ಬರುವುದಿಲ್ಲ, ಪ್ರಯತ್ನವನ್ನೂ ಮಾಡಬೇಡಿರಿ; ಒಳಗೆ ಅನಿಲ ತುಂಬಿ ಸೋರುತ್ತವೆ, ಸಿಡಿಯಲೂಬಹುದು. ಗುರುತು ಹಿಡಿಯಲು ಶೆಲ್ಲಿನ ಮೈಮೇಲಿನ ಅಕ್ಷರ ನೋಡಿರಿ: ಎಎ ಗಾತ್ರದಲ್ಲಿ ಆರ್6 ಎಂದಿದ್ದರೆ ಸತು-ಇಂಗಾಲ, ಎಲ್‌ಆರ್6 ಎಂದಿದ್ದರೆ ಆಲ್ಕಲೈನ್, ಎಚ್‌ಆರ್6 ಎಂದಿದ್ದರೆ ಮಾತ್ರ ನಿಕಲ್-ಮೆಟಲ್ ಹೈಡ್ರೈಡ್, ಚಾರ್ಜಿಗೆ ಯೋಗ್ಯ. ದೊಡ್ಡ ಗಾತ್ರಕ್ಕೆ 6ರ ಬದಲು 20 ಇರುತ್ತದೆ.

ತಿಪ್ಪೆಯ ಗೊಬ್ಬರ ತಮ್ಮ ಹೊಲಕ್ಕೇ ಹೋಗುತ್ತದೆಯಾದ್ದರಿಂದ ಅಲ್ಲಿ ಹಾಕುವುದನ್ನು ನಿಲ್ಲಿಸಿರಿ. ಹಳೆಯ ಕಾಲದ ನಿಕಲ್-ಕ್ಯಾಡ್ಮಿಯಂ ಶೆಲ್ಲು ಅದರಲ್ಲಿ ಒಂದಿದ್ದರೂ ಅದರ ಕ್ಯಾಡ್ಮಿಯಂ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇಂಥ ಶೆಲ್ಲುಗಳನ್ನು ಮರಳಿ ಪಡೆಯುವ ಹೊಣೆ ತಯಾರಕರ ಮೇಲಿದೆ. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಣ ಜಾಗದಲ್ಲಿ ಕೂಡಿಸಿಟ್ಟು, ಕಲಬುರಗಿಗೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿರಿ.


ಪ್ರಶ್ನೆ ಕೇಳಿದವರ ಮರುಬರಹ: ಎರೆಹೊಲ (ಜೇವರ್ಗಿ ತಾಲ್ಲೂಕು)

ಹಾಗೆಯೇ ಮಾಡುತ್ತೇನೆ ಸರ್. ಮಾಳಿಗೆಯ ಮೇಲೆ ಒಣಗಲು ಇಟ್ಟಿದ್ದ ಆರು ಶೆಲ್ಲುಗಳನ್ನು ತಂದೆಯವರೇ ಇಂದು ಬೆಳಿಗ್ಗೆ ಕೆಳಗೆ ತಂದು ಡಬ್ಬಿಗೆ ಹಾಕಿದರು. ಅದರಲ್ಲಿ ಎರಡರ ತಳ ಆಗಲೇ ಉಬ್ಬಿತ್ತು. ರಾತ್ರಿ ಪಾಳಿಗೆ ಅವರೇ ಹೋಗುತ್ತಾರಂತೆ, ಟಾರ್ಚು ಅವರ ಕೈಯಲ್ಲೇ ಇದೆ.